ಮೂವತ್ತೊಂದನೆಯ ಸಲಹೆ

ಈ ಕಥೆಯನ್ನು ಮೊದಲು ಹೇಳಿದವರು ಬೀಫಾತಿಮಾ. ಬಹ್ರೇನಿನ ಸನದ್‌ನಲ್ಲಿ, ತಮ್ಮ ಮನೆಯ ಚಾವಡಿಯಲ್ಲಿ, ೨೦೨೪ರ ಜನವರಿಯ ಒಂದು ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜಿನ ಬಳಿಕ ಹೇಳಲು ತೊಡಗಿ, ಸೂರ್ಯಾಸ್ತದ ಮಗ್ರಿಬ್ ಬಾಂಗಿನ ಹೊತ್ತಿಗೆ ಮುಗಿಸಿದರು. ಕೇಳಲು ಕುಳಿತವರು ಮೂವರು: ನೆರೆಮನೆಯ ಹಲೀಮಮ್ಮ, ಮೂಡುಬಿದಿರೆ ಕಡೆಯ ನರ್ಸ್ ಫ್ಲೆನ್ಸಿ, ಟ್ಯಾಕ್ಸಿ ಓಡಿಸುವ ಜಯರಾಜ. ಬೀಫಾತಿಮಾ ಇದನ್ನು ಕೇಳಿದ್ದು ಗಂಡ ಮೊಯ್ದು ಅವರ ಬಾಯಿಂದ. ಮೊಯ್ದು ಇಪ್ಪತ್ತೆರಡು ವರ್ಷಗಳಿಂದ ಅಲ್ಲಿನ ಪೊಲೀಸರಿಗೆ ದುಬಾಷಿ. ಕನ್ನಡ, ತುಳು, ಹಿಂದಿಯ ಮಾತುಗಳನ್ನು ಅರಬಿಗೆ ದಾಟಿಸುವವರು. ಇದೇ ಕಥೆಯನ್ನು ಮನಾಮಾದ ಚಹಾದಂಗಡಿಗಳಲ್ಲಿ ಬೇರೆ ರೀತಿಯಲ್ಲಿ ಹೇಳುವುದುಂಟು. ಅದರಲ್ಲಿ ಸತ್ತವನು ಬಚ್ಚಲಲ್ಲಿ ಜಾರಿ ಬೀಳುತ್ತಾನೆ. ಬೀಫಾತಿಮಾ ಹೇಳಿದ ಪಾಠದಲ್ಲಿ ಯಾರೂ ಜಾರುವುದಿಲ್ಲ.

* * *

ಅದು ಹಿಂದಿನ ಆಗಸ್ಟ್. ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಮನಾಮಾದ ಗುದೈಬಿಯಾ ಬಡಾವಣೆಯ ಹಳೆಯ ಕಟ್ಟಡವೊಂದರ ನಾಲ್ಕನೆಯ ಮಹಡಿ.

ಸತ್ಯವತಿ ದೇವಸ್ಥಾನದಿಂದ ಮರಳಿದ್ದರು. ಕೈಯಲ್ಲಿ ಪ್ರಸಾದದ ಪೊಟ್ಟಣವಿತ್ತು. ಕಾರಿನಲ್ಲಿ ಕರೆದೊಯ್ದಿದ್ದ ಪರಿಚಯದ ಗಿರಿಧರ್ ಹಿಂದೆಯೇ ಮೆಟ್ಟಿಲೇರಿದ. ಮನೆಯ ಬಾಗಿಲು ಹಾರು ಹೊಡೆದಿತ್ತು. ಒಳಗಿನಿಂದ ಆವಿ ಬರುತ್ತಿತ್ತು.

ಹಜಾರದಿಂದ ಬಚ್ಚಲಿಗೆ ಹೋಗುವ ಓಣಿಯಂಥ ಜಾಗದಲ್ಲಿ ಹರಿಹರ ಬಿದ್ದಿದ್ದರು. ಅರವತ್ತೊಂದು ವರ್ಷದ ಸರ್ವೆ ಎಂಜಿನಿಯರ್. ಹಿಂದಿನ ವರ್ಷ ಪಾರ್ಶ್ವವಾಯು ಬಡಿದು ಎಡಭಾಗ ಸತ್ತಿತ್ತು. ಈಗ ತಲೆಯಿಂದ ತೊಡೆಯವರೆಗೆ ಚರ್ಮ ಕೆಂಪಾಗಿ, ಅಲ್ಲಲ್ಲಿ ಬಿಳಿಯಾಗಿ, ಸುಲಿದು ನಿಂತಿತ್ತು. ಪಕ್ಕದಲ್ಲಿ ಮನೆಗೆಲಸದ ಕಾಂತಾ ಎರಡೂ ಕೈಗಳನ್ನು ಮುಂದೆ ಚಾಚಿ ಕುಳಿತಿದ್ದಳು. ಅಂಗೈಗಳು ಬೊಬ್ಬೆ ಎದ್ದು ಊದಿಕೊಂಡಿದ್ದವು.

"ಅಮ್ಮಾ, ಕೆಂಪು ನಲ್ಲಿ... ಬೆಂಕಿ ನೀರ್ ಬಂತ್ ಅಮ್ಮಾ!" ಎಂದಳು.

ಸತ್ಯವತಿ ಪ್ರಸಾದವನ್ನು ಮೊದಲು ದೇವರ ಗೂಡಿನಲ್ಲಿಟ್ಟರು. ಆಮೇಲೆ ಗಂಡನ ಬಳಿ ಬಂದರು.

ಸಂಜೆ ನಾಲ್ಕಕ್ಕೆ ಹರಿಹರ ಆಸ್ಪತ್ರೆಯಲ್ಲಿ ತೀರಿಕೊಂಡರು. ಐದಕ್ಕೆ ಕಾಂತಾಳನ್ನು ಪೊಲೀಸರು ಕರೆದೊಯ್ದರು.

* * *

ಬಹ್ರೇನಿನ ಬೇಸಿಗೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ನೀರಿನ ಟ್ಯಾಂಕುಗಳು ತಾರಸಿಯ ಮೇಲೆ ಬಿಸಿಲಿಗೆ ಬಿದ್ದಿರುತ್ತವೆ. ಆಗಸ್ಟಿನಲ್ಲಿ ತಣ್ಣೀರಿನ ನೀಲಿ ನಲ್ಲಿ ತಿರುಗಿಸಿದರೆ ಬಿಸಿನೀರೇ ಬರುತ್ತದೆ. ಗೀಸರ್ ಮಾತ್ರ ಮನೆಯೊಳಗೆ, ಎ.ಸಿ.ಯ ತಂಪಿನಲ್ಲಿರುತ್ತದೆ. ಆದ್ದರಿಂದ ಏಪ್ರಿಲ್ ಮುಗಿಯುತ್ತಲೇ ಜನ ಗೀಸರ್ ಆರಿಸಿ, ಸ್ವಿಚ್ಚಿನ ಮೇಲೆ ಟೇಪು ಅಂಟಿಸುತ್ತಾರೆ. ಗೀಸರ್ ತಣ್ಣೀರಿನ ಹಂಡೆಯಾಗುತ್ತದೆ. ಕೆಂಪು ನಲ್ಲಿ ತಂಪು, ನೀಲಿ ನಲ್ಲಿ ಬಿಸಿ. ನವೆಂಬರಿನಲ್ಲಿ ಟೇಪು ಕಿತ್ತು ಗೀಸರ್ ಹಾಕಿದರೆ ಮತ್ತೆ ವಸಂತದವರೆಗೆ ಆರಿಸುವವರಿಲ್ಲ.

ಹರಿಹರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ಬಲಗೈಯಿಂದ ಕೆಂಪು ನಲ್ಲಿಯನ್ನು ಒಮ್ಮೆಗೇ ಪೂರ್ತಿ ತಿರುಗಿಸುತ್ತಿದ್ದರು. ಆ ದಿನವೂ ತಿರುಗಿಸಿದರು. ಗೀಸರ್ ಉರಿಯುತ್ತಿತ್ತು.

ತನಿಖಾಧಿಕಾರಿ ಹುದಾ ಬಹ್ರೇನಿನ ಹೆಣ್ಣುಮಗಳು. ಮೂವತ್ತೈದರ ಆಸುಪಾಸಿನವರು, ಮಾತು ಕಡಿಮೆ. ಗೀಸರಿನ ಸ್ವಿಚ್ ಓಣಿಯ ಗೋಡೆಯಲ್ಲಿತ್ತು. ಅದರ ಕಪ್ಪು ಟೇಪನ್ನು ಯಾರೋ ಕಿತ್ತಿದ್ದರು. ಸ್ವಿಚ್ ಹಾಕಿತ್ತು.

"ಇದು ಮರೆವಲ್ಲ," ಎಂದರು ಹುದಾ. "ಟೇಪು ಕಿತ್ತವರಿಗೆ ತಾವೇನು ಮಾಡುತ್ತಿದ್ದೇವೆಂದು ಗೊತ್ತಿತ್ತು. ಬಚ್ಚಲಲ್ಲಿ ಕೂರಿಸಿದ್ದು ಕೆಲಸದವಳು. ಆಗ ಮನೆಯಲ್ಲಿದ್ದವಳೂ ಅವಳೇ. ಕೊಲೆಯೆಂದು ಸಾಬೀತಾದರೆ ಅವಳು ಮತ್ತೆ ಹೊರಗೆ ಬರುವುದಿಲ್ಲ. ಮೊಯ್ದು, ಅವಳಿಗೆ ಅದನ್ನು ಅರ್ಥವಾಗುವಂತೆ ಹೇಳು."

ಮೊಯ್ದು ಹೇಳಿದರು.

ಕಾಂತಾ ಬೈಂದೂರಿನವಳು. ವಯಸ್ಸು ಮೂವತ್ತೆಂಟು. ಬ್ಯಾಂಡೇಜು ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು.

"ಅಣ್ಣಾ, ನಾ ಎಂತದೂ ಮಾಡ್ಲಿಲ್ಲೆ. ದಿನಾ ಕೂರ್ಸಿದಂಗೇ ಕೂರ್ಸಿದೆ. ಒಂಬತ್ತ್ ಗಂಟಿ ಆಯಿತ್. ಕೂಗ್ರ್. ಹೋಯಿ ನಲ್ಲಿ ನಿಲ್ಸಿದೆ. ಎಳ್ದೆ. ಮತ್ತೆಂತ ಮಾಡುದ್?"

"ಸ್ವಿಚ್ಚಿನ ಕೆಂಪು ದೀಪ ಉರಿಯುತ್ತಿತ್ತು. ನೋಡ್ಲಿಲ್ವಾ ನೀನು?" ಹುದಾರ ಪ್ರಶ್ನೆಯನ್ನು ಮೊಯ್ದು ಕೇಳಿದರು.

"ದೀಪ ಎಲ್ ಕಾಂತ್? ಅದ್ರ ಮೇಲೆ ಕಾಗ್ದ ಇತ್ತಲ್ಲ. ದೊಡ್ಡ ಕಾಗ್ದ. ಅಯ್ಯ ಬರ್ಸಿದ್ದ್."

"ಹಿಂದಿನ ದಿನ ಇತ್ತಾ ಅದು?"

"ರಾತ್ರಿ ಹತ್ತಕ್ ಬಚ್ಲ್ ತೊಳ್ದೆ. ಕೆಂಪು ನಲ್ಲಿ ನೀರೇ. ತಂಪಿತ್ತ್. ಆಗ ಕಾಗ್ದ ಇರ್ಲಿಲ್ಲೆ. ಟೇಪ್ ಇತ್ತ್."

ಮೊಯ್ದು ಅರಬಿಗೆ ತಿರುಗಿಸಿದರು. ಹುದಾ ಬರೆದುಕೊಂಡರು. "ಅವಳು ಹಾಗೆ ಹೇಳದೆ ಇನ್ನು ಹೇಗೆ ಹೇಳುತ್ತಾಳೆ?" ಎಂದಷ್ಟೇ ಅಂದರು.

* * *

ಕಾಗದದ ಸಂಗತಿ ಹೀಗೆ. ಹರಿಹರರ ಒಂದೇ ಹವ್ಯಾಸವೆಂದರೆ ಪ್ರವಾಸಕ್ಕೆ ಹೊರಟವರಿಗೆ ಸಲಹೆ ಕೊಡುವುದು. ತಾವು ಬಹ್ರೇನಿನಿಂದ ಮೈಸೂರಿಗೆ, ಮೈಸೂರಿನಿಂದ ಬಹ್ರೇನಿಗೆ ಬಿಟ್ಟರೆ ಎಲ್ಲಿಗೂ ಹೋದವರಲ್ಲ. ಆದರೂ ಫೋನು ಮಾಡಿ, ಓದಿ, ವಿಚಾರಿಸಿ ಒಂದೊಂದು ದೇಶಕ್ಕೂ ನಲವತ್ತು ಸಲಹೆ ಸಿದ್ಧಪಡಿಸುತ್ತಿದ್ದರು. ದೊಡ್ಡ ಹಾಳೆಗಳಲ್ಲಿ, ಹಾಳೆಗೆ ಐದರಂತೆ, ಅವನ್ನು ದುಂಡಗೆ ಬರೆಯುತ್ತಿದ್ದವರು ಸತ್ಯವತಿ. ಆ ವರ್ಷ ಕನ್ನಡದ ಹನ್ನೊಂದು ಮಂದಿ ಮಾಂಟೆನೆಗ್ರೊ ಎಂಬ, ಏಡ್ರಿಯಾಟಿಕ್ ಸಮುದ್ರದ ದಂಡೆಯ ಪುಟ್ಟ ದೇಶಕ್ಕೆ ಹೊರಟಿದ್ದರು. ತಂಡದ ಮುಂದಾಳು ಗಿರಿಧರ್. ಹನ್ನೊಂದನೆಯವರು ಸತ್ಯವತಿ. ಮದುವೆಯಾಗಿ ಮೂವತ್ತೆರಡು ವರ್ಷಕ್ಕೆ ಅದು ಅವರ ಮೊದಲ ಪ್ರವಾಸ. ಶನಿವಾರ ವಿಮಾನ.

ಗುರುವಾರ ಸಂಜೆ ಆ ಮನೆಯಲ್ಲಿ ಕೊನೆಯ ಸಲಹಾ ಸಭೆ ನಡೆದಿತ್ತು. ಅಲ್ಲಿ ನಡೆದದ್ದನ್ನು ಗಿರಿಧರ್ ಠಾಣೆಯಲ್ಲಿ ಹೇಳಿದ. ಅವನು ಮೈಸೂರಿನವನೇ. ಬ್ಯಾಂಕಿನಲ್ಲಿ ಕೆಲಸ.

ಹರಿಹರ ಗಾಲಿಕುರ್ಚಿಯಲ್ಲಿ ಕುಳಿತು ಹೇಳುತ್ತಿದ್ದರು. ಸತ್ಯವತಿ ನೆಲದಲ್ಲಿ ಹಾಳೆ ಹಾಸಿಕೊಂಡು ಬರೆಯುತ್ತಿದ್ದರು.

"ಇಪ್ಪತ್ತಾರು. ಹಗಲಲ್ಲೂ ಕಾರಿನ ದೀಪ ಉರೀತಿರಬೇಕು. ಇಲ್ಲದಿದ್ರೆ ದಂಡ. ಇಪ್ಪತ್ತೇಳು. ಕಡಲಲ್ಲಿ ಬಂಡೆಗಳ ಮೇಲೆ ಮುಳ್ಳುಚೆಂಡಿನಂಥ ಪ್ರಾಣಿ ಇರುತ್ತೆ. ರಬ್ಬರ್ ಚಪ್ಪಲಿ ಹಾಕದೆ ಇಳೀಬೇಡಿ."

"ಸರ್, ದುಡ್ಡು ಯುರೋನೇ ಸಾಕಾ?" ಎಂದು ತಂಡದವನೊಬ್ಬ ಕೇಳಿದ.

"ಆ ದೇಶ ಯುರೋಪಿಯನ್ ಯೂನಿಯನ್‌ನಲ್ಲಿಲ್ಲ. ನೋಟು ಮಾತ್ರ ಯುರೋ. ಮೂರನೇ ಸಲಹೆಯಲ್ಲೇ ಹೇಳಿದ್ದೀನಿ. ಓದೋ ಅಭ್ಯಾಸ ಇಟ್ಕೊಳ್ಳಪ್ಪ. ಸತ್ಯಾ, ಹನ್ನೆರಡು ಓದು."

ಸತ್ಯವತಿ ಓದಿದರು: "ತಲುಪಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಹೆಸರು ನೋಂದಾಯಿಸಬೇಕು. ಹೋಟೆಲಿನವರೇ ಮಾಡುತ್ತಾರೆ. ಬಾಡಿಗೆ ಮನೆಯಾದರೆ ನಾವೇ ವಿಚಾರಿಸಬೇಕು. ಚೀಟಿಯನ್ನು ದೇಶ ಬಿಡುವವರೆಗೆ ಜೋಪಾನ ಮಾಡಬೇಕು."

"ತಪ್ಪಿಲ್ಲದೆ ಓದಿದಳು ನೋಡಿ. ಗಿಳಿ," ಎಂದರು ಹರಿಹರ. "ಅಂದಹಾಗೆ ಗಿರಿ, ಇವಳ ಟಿಕೆಟ್ ಕ್ಯಾನ್ಸಲ್ ಮಾಡಿಸಿದ್ದೀನಿ. ಕೋಣೆ ನಿಮ್ಮ ಅನೂಪ್‌ಗೆ ಕೊಡು. ಹುಡುಗನಿಗೆ ಪ್ರಪಂಚ ತಿಳಿಯಲಿ. ಇವಳು ಹೋಗಿ ಅಲ್ಲಿ ಏನು ನೋಡ್ತಾಳೆ? ಬೀಚಿನಲ್ಲಿ ಹಪ್ಪಳ ಒಣಗಿಸ್ತಾಳೆ. ನನ್ನ ಕಾಲು ಒತ್ತೋರು ಬೇಕಲ್ಲ?"

ಹುದಾರ ಪ್ರಶ್ನೆಯನ್ನು ಮೊಯ್ದು ನಡುವೆ ಕೇಳಿದರು: "ಎಲ್ಲರೂ ನಕ್ಕರಾ?"

"ನಗದೆ ಇರೋಕಾಗುತ್ತಾ ಸರ್? ದೊಡ್ಡವರು," ಎಂದ ಗಿರಿಧರ್.

"ಸತ್ಯವತಿಯಮ್ಮ?"

"ಅವರೂ ನಕ್ಕರು. ಆಮೇಲೆ ಪೆನ್ನು ತಗೊಂಡು 'ಮೂವತ್ತೊಂದು ಹೇಳಿ' ಅಂದರು."

* * *

ಎರಡನೆಯ ಗುಮಾನಿ ಅನೂಪನ ಮೇಲೆ ಬಂತು. ಗಿರಿಧರನ ಚಿಕ್ಕಪ್ಪನ ಮಗ. ಬೆಂಗಳೂರಿನಿಂದ ಬಂದು ಎರಡೇ ವಾರ. ಹಾಳೆಗಳನ್ನು ಗೋಡೆಗೆ ಅಂಟಿಸಿದವನು ಅವನು. ಅವನು ಠಾಣೆಯಲ್ಲಿ ಕೂರುವ ಮೊದಲೇ ಅಳಲು ತೊಡಗಿದ.

"ಸರ್, ನಾನೇ ಇರಬಹುದು ಸರ್. ಐ ಡೋಂಟ್ ನೋ. ಗುರುವಾರ ಹ್ಯಾಂಡ್‌ವಾಶ್‌ಗೆ ಹೋಗಿದ್ದೆ. ಲೈಟ್ ಅಂತ ಯಾವುದೋ ಸ್ವಿಚ್ ಒತ್ತಿದೆ. ಗೀಸರ್ ಆಫ್ ಇರುತ್ತೆ ಅನ್ನೋ ಕಾನ್ಸೆಪ್ಟೇ ನಂಗೆ ಗೊತ್ತಿಲ್ಲ ಸರ್."

"ಟೇಪು ಕಿತ್ತೆಯಾ?"

"ಇಲ್ಲ ಸರ್."

"ಎಷ್ಟು ಗಂಟೆಗೆ ಹೊರಟಿರಿ?"

"ಒಂಬತ್ತೂವರೆ."

ಹತ್ತಕ್ಕೆ ಕೆಂಪು ನಲ್ಲಿಯ ನೀರು ತಂಪಾಗಿತ್ತು, ಟೇಪು ಅಂಟಿಕೊಂಡೇ ಇತ್ತು. ಇದು ಕಾಂತಾಳ ಮಾತು. ಅದನ್ನು ನಂಬಿದರೆ ಅನೂಪ್ ಪಾರು. ನಂಬದಿದ್ದರೆ ಕಾಂತಾ ಕೊಲೆಗಾತಿ.

"ಎಷ್ಟು ಹಾಳೆ ಅಂಟಿಸಿದೆ?"

"ಎಂಟು. ಎಲ್ಲಾ ಹಾಲ್‌ನಲ್ಲೇ. ಗ್ರೂಪಿಗೆ ಫೋಟೋ ಹಾಕಿದ್ದೀನಿ ನೋಡಿ."

ಫೋಟೋದಲ್ಲಿ ಎಂಟು ಹಾಳೆಗಳಿದ್ದವು. ಶುಕ್ರವಾರ ಪೊಲೀಸರು ಹೋದಾಗ ಹಜಾರದಲ್ಲಿದ್ದದ್ದು ಏಳು. ಮೂವತ್ತೊಂದರಿಂದ ಮೂವತ್ತೈದರವರೆಗಿನ ಏಳನೆಯ ಹಾಳೆ ಓಣಿಯ ಕತ್ತಲಿಗೆ ಹೋಗಿತ್ತು. ಸರಿಯಾಗಿ ಗೀಸರಿನ ಸ್ವಿಚ್ಚಿನ ಮೇಲೆ. ಹುದಾಗೆ ಕನ್ನಡ ಬಾರದು. ಅವರಿಗೆ ಅದು ದೀಪ ಮುಚ್ಚಿದ ಒಂದು ಕಾಗದವಷ್ಟೇ. ಮೊಯ್ದು ಅದನ್ನು ಓದಿದರು.

"ಮೂವತ್ತೊಂದು. ಬಾಡಿಗೆ ಮನೆಗಳಲ್ಲಿ ಬಿಸಿನೀರಿನ ಬಾಯ್ಲರಿನ ಸ್ವಿಚ್ಚು ಬಚ್ಚಲಿನ ಹೊರಗಿರುತ್ತದೆ. ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಾಕಿದರೆ ಸಾಕು. ನೀರು ಕುದಿಯುವಷ್ಟು ಕಾಯುತ್ತದೆ. ಬಹ್ರೇನಿನ ಬೇಸಿಗೆಯ ಅಭ್ಯಾಸದಂತೆ ಕೆಂಪು ನಲ್ಲಿಯನ್ನು ಪೂರ್ತಿ ತಿರುಗಿಸಬೇಡಿ."

ಮೊಯ್ದು ಅದನ್ನು ಎರಡು ಸಲ ಓದಿದರು.

* * *

ಸತ್ಯವತಿ ಮೂರನೆಯ ದಿನ, ರವಿವಾರ ಬೆಳಿಗ್ಗೆ, ಹೇಳಿಕೆ ಕೊಟ್ಟರು. ಬಿಳಿ ಸೀರೆ.

"ನಾನು ಎಂಟೂಕಾಲಿಗೆ ಸ್ನಾನ ಮಾಡಿದೆ. ಅದೇ ಬಚ್ಚಲು, ಅದೇ ಕೆಂಪು ನಲ್ಲಿ. ನೀರು ತಣ್ಣಗಿತ್ತು. ಎಂಟೂವರೆಗೆ ಗಿರಿಧರ್ ಜೊತೆ ದೇವಸ್ಥಾನಕ್ಕೆ ಹೋದೆ. ಆಮೇಲೆ ಮನೇಲಿ ಇದ್ದವಳು ಕಾಂತಾ ಒಬ್ಬಳೇ. ಒಂಬತ್ತು ಐದಕ್ಕೆ ಅವರನ್ನ ಬಚ್ಚಲಿಗೆ ಕರ್ಕೊಂಡು ಹೋಗಿದ್ದಾಳೆ."

"ಅಷ್ಟರಲ್ಲಿ ನೀರು ಅಷ್ಟೊಂದು ಕಾಯುತ್ತದೆಯೇ ಎಂದು ಕೇಳು," ಎಂದರು ಹುದಾ.

"ಅರ್ಧ ಗಂಟೆ ಸಾಕಲ್ಲ. ಕುದಿಯೋಷ್ಟು ಕಾಯುತ್ತೆ."

"ಕಾಂತಾಗೆ ಅವರ ಮೇಲೆ ಸಿಟ್ಟಿತ್ತಾ?"

"ಊರಿಗೆ ಹೋಗಬೇಕು ಅಂತಿದ್ದಳು. ಇವರು ಬಿಡಲಿಲ್ಲ. ಪಾಸ್‌ಪೋರ್ಟ್ ಇವರ ಹತ್ರಾನೇ ಇತ್ತು. ನನಗೂ ಅವಳ ಮೇಲೆ ನಂಬಿಕೆ ಇರಲಿಲ್ಲ ನೋಡಿ. ರಾತ್ರಿ ಹತ್ತಕ್ಕೆ, ಕೆಲಸ ಮುಗೀತಿದ್ದ ಹಾಗೆ, ಅಡುಗೆಮನೇಲಿ ಮಲಗಿಸಿ ಹೊರಗಿನಿಂದ ಚಿಲಕ ಹಾಕ್ತಿದ್ದೆ. ಬೆಳಿಗ್ಗೆ ಎಂಟಕ್ಕೆ ತೆಗೀತಿದ್ದೆ. ಒಂದು ದಿನವೂ ತಪ್ಪಿಸಿಲ್ಲ. ನಾನು ಜವಾಬ್ದಾರಿ ಇರೋಳು."

ಮೊಯ್ದು ಒಂದಕ್ಷರ ಬಿಡದೆ ಅರಬಿಗೆ ದಾಟಿಸಿದರು. ಗುಮಾಸ್ತ ಬರೆದುಕೊಂಡ. ಸತ್ಯವತಿ ಸಹಿ ಹಾಕಿದರು. ಅಕ್ಷರ ಮುತ್ತಿನಂತಿತ್ತು.

* * *

ಆ ರವಿವಾರ ಮಧ್ಯಾಹ್ನ ಮೊಯ್ದು ಸನದ್‌ನ ಮನೆಗೆ ಬಂದವರೇ ಗೀಸರಿನ ಟೇಪು ಕಿತ್ತರು.

"ಆಗಸ್ಟಿನಲ್ಲಿ ಗೀಸರ್ ಹಾಕ್ತೀರಾ? ತಲೆ ಸರಿ ಉಂಟಾ ನಿಮ್ಗೆ?" ಎಂದರು ಬೀಫಾತಿಮಾ.

"ಬೀಬಿ, ತಣ್ಣಗಿರುವ ಗೀಸರ್ ಹಾಕಿದ್ರೆ ಎಷ್ಟು ಹೊತ್ತಿಗೆ ನೀರು ಕಾಯ್ತದೆ?"

ಬೀಫಾತಿಮಾ ಬಾಯಿ ತೆರೆದು, ಹಾಗೆಯೇ ಮುಚ್ಚಿದರು. "ನಂಗೆಂಥ ಗೊತ್ತು? ನವೆಂಬರಿಗೆ ಹಾಕಿದ್ರೆ ಮಾರ್ಚಿಗೆ ತೆಗೆಯುದಲ್ವಾ?"

"ಇಲ್ಲಿ ಯಾರಿಗೂ ಗೊತ್ತಿಲ್ಲ. ಹತ್ತು ಜನರ ಹತ್ರ ಕೇಳಿ ಬಂದೆ. ಒಬ್ಬ ಹತ್ತು ನಿಮಿಷ ಅಂತಾನೆ, ಒಬ್ಬ ಮುಕ್ಕಾಲು ಗಂಟೆ ಅಂತಾನೆ. ಜ್ವರ ನೋಡುವ ಕಡ್ಡಿ ಎಲ್ಲಿ?"

ಅರ್ಧ ಗಂಟೆ ಕಳೆಯಿತು. ಮೊಯ್ದು ಕೆಂಪು ನಲ್ಲಿಯ ಕೆಳಗೆ ಕಡ್ಡಿ ಹಿಡಿದರು. ಮೂವತ್ತೆಂಟೂವರೆ.

"ನೀರಿಗೆ ಸಣ್ಣ ಜ್ವರ ಬಂದದ್ದು ಅಷ್ಟೆ," ಎಂದರು ಬೀಫಾತಿಮಾ.

"ಆಸ್ಪತ್ರೆಯ ಡಾಕ್ಟರು ಬರ್ದಿದ್ದಾರೆ, ನೀರು ಎಪ್ಪತ್ತೈದು ಡಿಗ್ರಿ ಇರ್ಲೇಬೇಕು ಅಂತ." ಮೊಯ್ದು ಬಚ್ಚಲ ಬಾಗಿಲಲ್ಲೇ ಕುಕ್ಕರಿಸಿದರು. "ಸತ್ಯವತಿಯಮ್ಮ ಹೇಳಿದ ಆ ಅರ್ಧ ಗಂಟೆ ಈ ಊರಿನದ್ದಲ್ಲ. ಅದು ಕಾಗದದಲ್ಲಿ ಬಂದದ್ದು."

"ಹಾಗಾದ್ರೆ ಹೇಳಿ ಬನ್ನಿ ಹುದಾ ಮೇಡಂಗೆ."

"ದುಬಾಷಿಗೆ ಸ್ವಂತ ಮಾತಿಲ್ಲ. ಒಂದು ಮಾತು ಸೇರಿಸಿದ್ರೂ ಕೆಲಸ ಹೋಗ್ತದೆ. ಇಪ್ಪತ್ತೆರಡು ವರ್ಷ ಸೇರಿಸ್ಲಿಲ್ಲ."

"ಆ ಹೆಣ್ಣಿನ ಕೈ ನೋಡಿದ್ದು ನೀವಾ, ನಾನಾ?"

ಮೊಯ್ದು ಊಟ ಮಾಡದೆ ಠಾಣೆಗೆ ಹೊರಟರು.

ಹುದಾ ಪೂರ್ತಿ ಕೇಳಿದರು. ಕೇಳಿ, "ನೀನು ಇದುವರೆಗೆ ನಿನ್ನ ಮಾತು ಆಡಿದವನಲ್ಲ," ಎಂದರು.

"ಹೌದು ಮೇಡಂ."

"ತಪ್ಪಾದರೆ ಮತ್ತೆ ಆಡಬೇಕಾಗುವುದೂ ಇಲ್ಲ. ನಾಳೆ ಬೆಳಿಗ್ಗೆ ಏಳೂವರೆಗೆ ಗುದೈಬಿಯಾಕ್ಕೆ ಬಾ."

* * *

ಸೋಮವಾರ. ಅದೇ ಮನೆ, ಅದೇ ಓಣಿ. ಹುದಾ, ಮೊಯ್ದು, ಒಬ್ಬ ಪೊಲೀಸ್. ಸತ್ಯವತಿಯನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಕಾಂತಾಳನ್ನು ಠಾಣೆಯಿಂದ ಕರೆತಂದು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು.

ಹುದಾ ಮೊದಲು ಕೆಂಪು ನಲ್ಲಿಯಿಂದ ಒಂದು ಬಕೆಟ್ ನೀರು ಬಿಟ್ಟರು. "ಇದು ನಿಮ್ಮ ಎಂಟೂಕಾಲಿನ ಸ್ನಾನ," ಎಂದರು. ನೀರು ತಂಪಾಗಿತ್ತು. ಗೀಸರಿನ ಸ್ವಿಚ್ ಹಾಕಿದರು. ಕೆಂಪು ದೀಪ ಹೊತ್ತಿತು. ಎಲ್ಲರೂ ಕಾದರು.

ಮೂವತ್ತೈದು ನಿಮಿಷ. ಪೊಲೀಸ್ ಉಷ್ಣಮಾಪಕ ಹಿಡಿದ. ನಲವತ್ತೊಂದು. ಹುದಾ ಅಂಗೈಯನ್ನೇ ಒಡ್ಡಿದರು.

"ಹಸುಗೂಸಿಗೆ ಎರೆಯಬಹುದು. ಎಂಟೂವರೆಯಿಂದ ಒಂಬತ್ತು ಐದರವರೆಗೆ ಈ ಗೀಸರ್ ಕಾಯಿಸಿದ್ದು ಇಷ್ಟು."

ಮೊಯ್ದು ಕನ್ನಡದಲ್ಲಿ ಹೇಳಿದರು. ಸತ್ಯವತಿ ಗೋಡೆ ನೋಡುತ್ತಿದ್ದರು.

ಅರವತ್ತೈದು ನಿಮಿಷ. ಐವತ್ತೆರಡು.

"ಎಂಟಕ್ಕೆ ಚಿಲಕ ತೆಗೆದ ಕೂಡಲೇ ಕಾಂತಾ ಬಂದು ಸ್ವಿಚ್ ಹಾಕಿದ್ದರೆ ಇಷ್ಟು. ಆಗಲೂ ಡಾಕ್ಟರರ ಲೆಕ್ಕಕ್ಕೆ ಬರುವುದಿಲ್ಲ."

"ಹಾಗಾದರೆ ರಾತ್ರಿಯೇ ಹಾಕಿರಬೇಕು ಅವಳು," ಎಂದರು ಸತ್ಯವತಿ.

"ರಾತ್ರಿ ಹಾಕಿದ್ದರೆ ಎಂಟೂಕಾಲಿಗೆ ನೀವು ತಣ್ಣೀರಿನಲ್ಲಿ ಹೇಗೆ ಸ್ನಾನ ಮಾಡಿದಿರಿ?"

ಗೀಸರಿನೊಳಗೆ ನೀರು ಸಣ್ಣಗೆ ಗುಂಯ್‌ಗುಡುತ್ತಿತ್ತು.

"ನಾನು ಸ್ನಾನ ಮಾಡಿರಲಿಲ್ಲ," ಎಂದರು ಸತ್ಯವತಿ ಕೊನೆಗೆ. "ಮೈಗೆ ಆಲಸ್ಯವಾಗಿತ್ತು. ಸ್ನಾನ ಇಲ್ಲದೆ ದೇವಸ್ಥಾನಕ್ಕೆ ಹೋದೆ ಅಂತ ಹೇಳೋಕೆ ನಾಚಿಕೆ. ಅದಕ್ಕೇ ಸುಳ್ಳು ಹೇಳಿದೆ. ಅಷ್ಟೇ."

ಮೊಯ್ದು ಅದನ್ನೂ ದಾಟಿಸಿದರು. ಹುದಾ ತಲೆಯಾಡಿಸಿದರು. "ಒಪ್ಪೋಣ. ಮೊಯ್ದು, ಅವರೇ ಸಹಿ ಹಾಕಿದ ಹೇಳಿಕೆಯ ಕೊನೆಯ ಭಾಗ ಓದು."

ಮೊಯ್ದು ಕನ್ನಡದಲ್ಲಿ ಓದಿ ಹೇಳಿದರು: "'ರಾತ್ರಿ ಹತ್ತಕ್ಕೆ, ಕೆಲಸ ಮುಗೀತಿದ್ದ ಹಾಗೆ, ಅಡುಗೆಮನೇಲಿ ಮಲಗಿಸಿ ಹೊರಗಿನಿಂದ ಚಿಲಕ ಹಾಕ್ತಿದ್ದೆ. ಬೆಳಿಗ್ಗೆ ಎಂಟಕ್ಕೆ ತೆಗೀತಿದ್ದೆ. ಒಂದು ದಿನವೂ ತಪ್ಪಿಸಿಲ್ಲ.'"

"ಬಚ್ಚಲು ತೊಳೆದು ಮುಗಿಸಿದ ಕೂಡಲೇ ಅವಳನ್ನು ಒಳಗೆ ಹಾಕಿದಿರಿ," ಎಂದರು ಹುದಾ. "ಆಗ ನೀರು ತಂಪಾಗಿತ್ತು. ಅವಳು ಹೊರಬಂದ ಮೇಲೆ ನೀರು ಕಾಯಲು ಸಮಯವಿರಲಿಲ್ಲ. ನಡುವೆ ಯಾರೋ ಸ್ವಿಚ್ ಹಾಕಿದ್ದಾರೆ. ಆ ಹೊತ್ತಿನಲ್ಲಿ ಈ ಮನೆಯಲ್ಲಿ ಮೂವರಿದ್ದರು. ಒಬ್ಬಳು ಚಿಲಕದ ಒಳಗೆ. ಒಬ್ಬರಿಗೆ ಹಾಸಿಗೆಯಿಂದ ತಾವಾಗಿ ಏಳಲು ಬಾರದು. ಮೂರನೆಯವರು ಯಾರು?"

ಹುದಾ ಸ್ವಿಚ್ಚಿನ ಕಡೆಗೆ ಕೈ ತೋರಿಸಿದರು.

"ಬೇಗನೆ ಸ್ವಿಚ್ ಹಾಕಿದಿರಿ, ಗಂಡನ ಸ್ನಾನದ ಹೊತ್ತಿಗೆ ನೀರು ತಪ್ಪದೆ ಕುದಿಯುವಷ್ಟು ಕಾದಿರಲೆಂದು. ದೀಪ ಕಾಣದಿರಲೆಂದು ಹಜಾರದ ಹಾಳೆ ಕಿತ್ತು ಇಲ್ಲಿ ಅಂಟಿಸಿದಿರಿ. ಎಂಟೂಕಾಲಿಗೆ ತಣ್ಣೀರಿನ ಸ್ನಾನವೆಂದು ಕಥೆ ಕಟ್ಟಿದಿರಿ, ನೀವು ಮನೆ ಬಿಟ್ಟ ಮೇಲೆ ಯಾರೋ ಸ್ವಿಚ್ ಹಾಕಿದರೆಂದು ನಾವು ತಿಳಿಯಲೆಂದು. ಅದಕ್ಕೆ ಅರ್ಧ ಗಂಟೆ ಸಾಕೆಂದು ನಂಬಿದಿರಿ. ಹಾಗೆಂದು ನಿಮಗೆ ಹೇಳಿದವರು ಯಾರು?"

ಸತ್ಯವತಿ ಮೊದಲ ಬಾರಿಗೆ ಮೊಯ್ದುವಿನ ಮುಖ ನೋಡಿದರು. ಅವರ ಪಾಲಿಗೆ ಪ್ರಶ್ನೆ ಬಂದದ್ದು ಆ ಬಾಯಿಂದಲೇ.

"ಅವರೇ ಹೇಳಿದ್ದು. ಮೂವತ್ತೊಂದು," ಎಂದರು. "ಎಲ್ಲರೂ ನಗ್ತಿದ್ರು. ನಾನೂ ನಕ್ಕೆ. ಆಮೇಲೆ ಅವರು ಹೇಳಿದ್ರು, ಸ್ವಿಚ್ಚು ಬಚ್ಚಲಿನ ಹೊರಗಿರುತ್ತೆ, ಕೆಂಪು ನಲ್ಲಿ ಪೂರ್ತಿ ತಿರುಗಿಸಬೇಡಿ ಅಂತ. ಬರೀತಾ ಬರೀತಾನೇ ನನಗೆ ಗೊತ್ತಾಯ್ತು. ಇಪ್ಪತ್ತೊಂಬತ್ತು ದೇಶ ಬರೆದಿದ್ದೀನಿ ಇವರಿಗೆ. ಯಾವ ಊರಿನ ಬಸ್ಸು ಎಲ್ಲಿ ನಿಲ್ಲುತ್ತೆ, ಯಾವ ಚರ್ಚಿಗೆ ಹೆಗಲು ಮುಚ್ಚಿ ಹೋಗಬೇಕು, ಎಲ್ಲಾ ಬಾಯಿಪಾಠ. ಬೆಳಿಗ್ಗೆ ಐದಕ್ಕೆ ಎದ್ದು ಟೇಪು ಕಿತ್ತೆ."

ಹುದಾ ಗೋಡೆಗೊರಗಿ ನಿಂತ ಕಾಂತಾಳತ್ತ ಬೆರಳು ತೋರಿಸಿದರು. "ಇವಳು? ಇವಳು ಜೀವಮಾನವಿಡೀ ಜೈಲಿನಲ್ಲಿರುತ್ತಿದ್ದಳು. ನಿಮ್ಮ ಗಂಡನನ್ನು ಹೊರಗೆಳೆದವಳು ಇವಳೇ."

ಮೊಯ್ದು ತಿರುಗಿಸಿ ಕೇಳಿದರು.

"ಅವಳಿಗೇನು?" ಎಂದರು ಸತ್ಯವತಿ. "ಮೂರು ವರ್ಷದಿಂದ ರಾತ್ರಿಯಾದರೆ ಚಿಲಕದ ಒಳಗೇ ಇದ್ದವಳು. ಅವಳಿಗೆ ಜೈಲು ಹೊಸದಾ?"

ಈ ಮಾತನ್ನೂ ಮೊಯ್ದು ಅರಬಿಗೆ ದಾಟಿಸಿದರು. ಕಾಂತಾಳಿಗೆ ಮಾತ್ರ ದುಬಾಷಿ ಬೇಕಾಗಲಿಲ್ಲ. ಅವಳು ನೇರವಾಗಿ ಕೇಳಿಸಿಕೊಂಡಳು.

ಸ್ವಿಚ್ ಹಾಕಿ ಎರಡು ಗಂಟೆ ಐದು ನಿಮಿಷವಾದಾಗ ಉಷ್ಣಮಾಪಕ ಎಪ್ಪತ್ತೈದು ತೋರಿಸಿತು. ಯಾರೂ ಕೈ ಒಡ್ಡಲಿಲ್ಲ. ಹುದಾ ಸ್ವಿಚ್ ಆರಿಸಿದರು.

* * *

"ಆ ಪ್ರವಾಸದವರು?" ಎಂದು ಜಯರಾಜ ಕೇಳಿದ.

"ಹೋದ್ರು," ಎಂದರು ಬೀಫಾತಿಮಾ. "ಶನಿವಾರವೇ ಹೋದ್ರು. ಗಿರಿಧರ್ ಹೇಳಿಕೆ ಕೊಟ್ಟವನು ಹಾಗೇ ಏರ್‌ಪೋರ್ಟಿಗೆ. ಆ ಅನೂಪನೂ. ಟಿಕೆಟ್ ವೇಸ್ಟ್ ಆಗ್ತದಲ್ಲ. ಬಂದ ಮೇಲೆ ಗಿರಿಧರ್ ನಮ್ಮವರ ಹತ್ರ ಹೇಳಿದನಂತೆ, ಸರ್ ಬರೆಸಿದ್ದ ನಲವತ್ತೂ ಕರೆಕ್ಟ್ ಇತ್ತು, ಅಲ್ಲಿ ಅರ್ಧ ಗಂಟೆಗೇ ನೀರು ಕಾಯ್ತದೆ ಅಂತ."

"ಛೀ, ಮನುಷ್ಯರಾ ಇವರು!" ಎಂದರು ಹಲೀಮಮ್ಮ.

"ಕಾಂತಾ?" ಎಂದಳು ಫ್ಲೆನ್ಸಿ.

"ಅದೇ ದಿನ ಬಿಟ್ರು. ಬಿಟ್ಟು ಎಂಥ ಮಾಡುದು? ಅವಳ ವೀಸಾ ಹರಿಹರನ ಹೆಸರಲ್ಲಿ. ಅವ ಸತ್ತ. ಬೇರೆ ಮನೆ ಹುಡುಕುವ ಅಂದ್ರೆ ಆ ಕೈಗೆ ಕೆಲಸ ಯಾರು ಕೊಡ್ತಾರೆ? ಊರಿಗೆ ಕಳಿಸುದು ಅಂತ ಆಯ್ತು. ಏರ್‌ಪೋರ್ಟಿಗೆ ನಾವೇ ಬಿಟ್ಟು ಬಂದದ್ದು. ಅಲ್ಲಿ ಹೋಗುವವರ ಬೆರಳು ಯಂತ್ರದಲ್ಲಿ ಇಡಿಸ್ತಾರಲ್ಲ. ಇವಳು ಇಟ್ಟಳು. ಯಂತ್ರ ಒಪ್ಲಿಲ್ಲ. ಮತ್ತೊಂದು ಬೆರಳು. ಒಪ್ಲಿಲ್ಲ. ಹತ್ತೂ ಇಡಿಸಿದ್ರು. ಹೊಸ ಚರ್ಮ ಅಲ್ವಾ, ಗೆರೆಯೇ ಇಲ್ಲ. ಇವಳೇ ಕಾಂತಾ ಅಂತ ಹೇಗೆ ನಂಬುದು ಅಂತ ಒಳಗೆ ಕೂರಿಸಿದ್ರು. ವಿಮಾನ ಹೋಯ್ತು."

"ಆಮೇಲೆ?"

"ಹುದಾ ಮೇಡಂ ಕಾಗದ ಕಳಿಸುವಾಗ ಮೂರು ದಿನ. ನಮ್ಮವರು ಹೋಗಿ ಕೇಳಿದ್ರು, ಎಂಥ ಬೇಕು ಕಾಂತಾ ಅಂತ. ಅವಳು ಹೇಳಿದ್ದು ಒಂದೇ. ಅಣ್ಣಾ, ಇಲ್ ರಾತ್ರಿ ಬಾಗಿಲ್ ಹಾಕುದಿಲ್ಲೆ, ಲೈಟೂ ತೆಗುದಿಲ್ಲೆ, ಒಳ್ಳೇ ನಿದ್ರಿ ಬತ್ತ್ ಅಂತ."

ಮಸೀದಿಯಿಂದ ಬಾಂಗು ಕೇಳಿತು. ಬೀಫಾತಿಮಾ ಸೆರಗನ್ನು ತಲೆಗೆ ಎಳೆದುಕೊಂಡರು. ಹಲೀಮಮ್ಮ ಮೊಣಕಾಲು ಹಿಡಿದುಕೊಂಡು ಎದ್ದರು. ಅವರ ಮನೆ ಪಕ್ಕದ್ದೇ. ಫ್ಲೆನ್ಸಿಗೆ ಏಳಕ್ಕೆ ಡ್ಯೂಟಿ ಇತ್ತು. ಜಯರಾಜ ಅವಳನ್ನು ಬಿಡುತ್ತೇನೆಂದು ಕಾರಿನ ಕೀಲಿ ಹುಡುಕಿದ. ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡು, ಒಬ್ಬರ ಹಿಂದೊಬ್ಬರಂತೆ ಮೆಟ್ಟಿಲಿಳಿದು, ಅವರವರ ಮನೆಯ ದಾರಿ ಹಿಡಿದರು.